ಅರಮನೆಯ ಬಾಗಿಲು, ಮಹಾಮನೆಯ ಬಾಗಿಲು



ಮೈಸೂರಿನ ಚಾಮುಂಡಿಬೆಟ್ಟದ ಅಡಿಯಲ್ಲಿ ಲಲಿತಮಹಲೆಂಬ ಧವಳ ಸೌಧವಿರುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದನ್ನು ಕಟ್ಟಿಸಲು ತೊಡಗಿದರು. ಫ್ರಿಚ್ಲಿ ಎಂಬ ವಾಸ್ತುಶಿಲ್ಪಿಯು ನಕ್ಷೆಯನ್ನು ರಚಿಸಿದನು. ಅದರ ಗುಮ್ಮಟವು ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ನೆನಪಿಗೆ ತರುವುದು. ಜೋಡಿಗಂಬಗಳ ಸಾಲು ಇಟಲಿಯ ಶ್ರೀಮಂತ ಮನೆತನಗಳ ಅರಮನೆಗಳ ರೀತಿಯದು. ಆ ಸೌಧವು ಹುಟ್ಟಿದುದು ಅರಸರ ವಾಸಕ್ಕಾಗಿ ಅಲ್ಲ, ವೈಸರಾಯರೇ ಮೊದಲಾದ ಅತಿಥಿಗಳ ಬಿಡಾರಕ್ಕಾಗಿ. 1974ರಲ್ಲಿ ಅದು ಹೋಟೆಲಾಯಿತು. ಅರಸರ ಆಮಂತ್ರಣವಿಲ್ಲದೆ ತೆರೆಯದಿದ್ದ ಬಾಗಿಲು ಅಂದಿನಿಂದ ಬಾಡಿಗೆ ಕೊಡಬಲ್ಲವರಿಗೆಲ್ಲ ತೆರೆಯಿತು.

ಯಾವ ಇಟಲಿಯ ಅರಮನೆಗಳ ರೀತಿಯನ್ನು ಈ ಸೌಧವು ಅನುಸರಿಸಿತೋ, ಆ ನಾಡಿನ ಅರಮನೆಗಳಿಗೂ ಇದೇ ಗತಿಯು ಇನ್ನೂ ಮೊದಲೇ ಒದಗಿದ್ದಿತು. ವೆನಿಸ್ ನಗರದ ನೀರಂಚಿನಲ್ಲಿ ದಾಂಡೊಲೊ ಎಂಬ ಪ್ರಖ್ಯಾತ ಮನೆತನದವರ ಅರಮನೆಯುಂಟು. ಅದು 14ನೆಯ ಶತಮಾನದ್ದು. 1822ರಲ್ಲಿ ಜುಸೆಪ್ಪೆ ದಾಲ್ ನಿಯೆಲ್ ಎಂಬವನು ಅದರ ಒಂದು ಭಾಗವನ್ನು ಬಾಡಿಗೆಗೆ ಹಿಡಿದು ವಸತಿಗೃಹವನ್ನು ನಡೆಸಿದನು. ಮುಂದೆ ನೆರೆಯ ಸೌಧಗಳೂ ಅದಕ್ಕೆ ಸೇರಿದವು. ಜನರು ಅದನ್ನು ಕರೆದುದು ಕಟ್ಟಿಸಿದ ಪ್ರಭುಗಳ ಹೆಸರಿನಿಂದಲ್ಲ, ಬಂದವರನ್ನು ಬರಮಾಡಿಕೊಂಡ ಬಾಡಿಗೆದಾರನ ಹೆಸರಿನಿಂದ: ‘ದಾನಿಯೇಲಿ’.

ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಕಲ್ಲಿನ ಮೇಲೆ ಕಲ್ಲಿಟ್ಟವನ ಹೆಸರು ಹಿಂದೆ ಸರಿಯಿತು. ಬಾಗಿಲು ತೆರೆದವನ ಹೆಸರು ಮನೆಗೆ ನಿಂತಿತು. ಸ್ಥಾವರಕ್ಕಿಂತ ಜಂಗಮವು ಹಿರಿದೆಂಬ ಶರಣರ ಉಪದೇಶಕ್ಕೆ ಲೋಕವೇ ತಿಳಿಯದೆ ಕೊಟ್ಟ ಸಾಕ್ಷಿಯಿದು. ಆದರೆ ಸಾಕ್ಷಿಯು ಅರ್ಧ ಮಾತ್ರ. ಆ ಹೆಸರಿನಲ್ಲಿ ನಮ್ಮ ಕಿವಿಗೆ ‘ದಾನಿ’ ಎಂಬ ಶಬ್ದ ಕೇಳಿಸಿದರೂ ಅಲ್ಲಿ ನಡೆದುದು ದಾನವಲ್ಲ, ವ್ಯವಹಾರ. ವ್ಯವಹಾರವನ್ನು ನಾನು ನಿಂದಿಸುವುದಿಲ್ಲ. ಹಣ ಪಡೆದು ಇಂಬು ಕೊಡುವುದು ಸತ್ಯಶುದ್ಧವಾಗಿ ನಡೆದರೆ ಅದೂ ಕಾಯಕವೇ. ಆದರೆ ಅಲ್ಲಿ ಬಂದವನು ಋಣಿ. ಬೆಳಗಾದರೆ ಲೆಕ್ಕ ತೀರಿಸಬೇಕು. ದಾಸೋಹದಲ್ಲಿ ಋಣಿಯಾದವನು ಮನೆಯೊಡೆಯನು. ‘ದಾಸೋಽಹಂ’, ನಾನು ಸೇವಕನು ಎಂಬ ಭಾವವೇ ಆ ಶಬ್ದದ ಹುರುಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯು ಅಂತಹದು. ಅದರ ಗೋಡೆಗಳು ಇಂದು ನಮ್ಮ ಕಣ್ಣ ಮುಂದಿಲ್ಲ. ಬಾಗಿಲು ಮಾತ್ರ ಇನ್ನೂ ನಮ್ಮ ನಾಲಗೆಯ ಮೇಲೆ ತೆರೆದೇ ಇದೆ.

ಇಷ್ಟನ್ನು ನಾನು ಮಠದ ಶಾಲೆಯಲ್ಲಿ ಮಕ್ಕಳಿಗೆ ಅನೇಕ ವರ್ಷ ಬೋಧಿಸಿದೆನು. ಆದರೆ ಅದನ್ನು ಕಲಿತುದು ತಡವಾಗಿ, ಬನಶಂಕರಿಯ ಜಾತ್ರೆಯಲ್ಲಿ.

ಬನದ ಹುಣ್ಣಿಮೆಯ ರಥೋತ್ಸವದ ಕಾಲಕ್ಕೆ ಇಲ್ಲಿ ಒಂದಂಗುಲ ನೆಲವೂ ಬರಿದಾಗಿರುವುದಿಲ್ಲ. ಚಕ್ಕಡಿಗಳು, ಮೋಟಾರುಗಳು, ನಾಟಕ ಕಂಪನಿಗಳ ಡೇರೆಗಳು! ಒಂದು ವರ್ಷ ಪರಸ್ಥಳದ ಕುಟುಂಬವೊಂದು ನಮ್ಮ ಪಡಸಾಲೆಗೆ ಒಳ್ಳೆಯ ಬಾಡಿಗೆ ಕೊಡುವೆವೆಂದಿತು, ನಾನು ಒಪ್ಪಿದೆನು. ದೀಪ ಹಚ್ಚುವ ಹೊತ್ತಿಗೆ ವೃದ್ಧ ದಂಪತಿಗಳು ಬುತ್ತಿಯ ಗಂಟು ಹೊತ್ತು ಬಾಗಿಲಿಗೆ ಬಂದರು. ಪ್ರತಿ ವರ್ಷವೂ ಅವರು ಅದೇ ಪಡಸಾಲೆಯಲ್ಲಿ ತಂಗುತ್ತಿದ್ದರು. “ಈ ಸಲ ಇಂಬಿಲ್ಲ, ತಾಯೀ” ಎಂದೆನು. ಅವರು ಮರುಮಾತಾಡದೆ ಹೊರಟುಹೋದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪುಷ್ಯಮಾಸದ ಚಳಿ. ನಸುಕಿನಲ್ಲಿ ಕಂಬಳಿಯೊಂದನ್ನು ಹಿಡಿದು ಹುಡುಕುತ್ತ ಹೋದೆನು. ಹರಿದ್ರಾತೀರ್ಥದ ದಂಡೆಯ ಕಲ್ಲುಮಂಟಪದಲ್ಲಿ ಅವರಿದ್ದರು. ಆ ಮಂಟಪಕ್ಕೆ ಬಾಗಿಲೇ ಇಲ್ಲ. ಯಾರು ಬಂದರೂ ಅದು ಇಂಬಿಲ್ಲವೆನ್ನಲಾರದು. ನನ್ನನ್ನು ಕಂಡೊಡನೆ ಆ ತಾಯಿಯು ತಾನು ಹಾಸಿದ್ದ ಕೌದಿಯ ಅಂಚನ್ನು ಬರಿದುಮಾಡಿ, “ಬರ್ರಿ ಮಾಸ್ತರ, ಕುಂದರ್ರಿ. ರೊಟ್ಟಿ ತಿನ್ರಿ” ಎಂದಳು.

ಬಂಧುಗಳೇ, ಪಡಸಾಲೆಯಿದ್ದ ನನ್ನಲ್ಲಿ ಇಂಬಿರಲಿಲ್ಲ. ಒಂದು ಕೌದಿಯಷ್ಟೇ ಇದ್ದ ಆಕೆಯಲ್ಲಿ ಇಂಬಿದ್ದಿತು. ಮಹಾಮನೆ ಎಂದರೇನೆಂಬುದು ಆ ಬೆಳಗಿನಲ್ಲಿ ನನಗೆ ತಿಳಿಯಿತು. ಆ ರೊಟ್ಟಿಯನ್ನು ನಾನು ಪ್ರಸಾದವೆಂದೇ ಸ್ವೀಕರಿಸಿದೆನು, ಮಾತು ಹೊರಡಲಿಲ್ಲ. ಪಡೆದ ಬಾಡಿಗೆಯನ್ನು ಮಠದ ದಾಸೋಹಕ್ಕೆ ಒಪ್ಪಿಸಿದೆನು. ಅದರಿಂದ ಆ ಒಂದು ರಾತ್ರಿ ಮರಳಿ ಬರಲಿಲ್ಲ.

ಅರಮನೆಗಳು ಹೋಟೆಲುಗಳಾಗುವುದಕ್ಕೆ ನಾವು ಮರುಗಬೇಕಾದುದಿಲ್ಲ. ಕಟ್ಟಿದುದೆಲ್ಲ ಒಂದು ದಿನ ಕೈ ಬದಲಿಸುವುದು. ನಾವು ಅಂಜಬೇಕಾದುದು ನಮ್ಮ ಮನೆಗಳು ಹಲಗೆಯಿಲ್ಲದ ಹೋಟೆಲುಗಳಾಗುವುದಕ್ಕೆ, ಕೊಡಬಲ್ಲವನಿಗೆ ನಗುಮುಖ, ಕೊಡಲಾರದವನಿಗೆ ಹೊಸ್ತಿಲು ಎಂಬಂತೆ ಆಗುವುದಕ್ಕೆ. ಮುಂದಿನ ಬನದ ಹುಣ್ಣಿಮೆಗೆ ನಿಮ್ಮ ಕದವನ್ನು ತಟ್ಟುವವರು ಯಾರೋ ಬಲ್ಲವರಾರು? ಕದ ತೆರೆಯುವ ಮುನ್ನ ಅವರ ಕೈಯ ಗಂಟನ್ನು ಅಳೆಯಬೇಡಿರಿ.