ಒಂದೇ ತಾರೀಖಿನ ನೆರೆಹೊರೆ

ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಷ್ಟು ದುಡಿಯುವ ಕಾಗದ ಮನೆಯಲ್ಲಿ ಇನ್ನೊಂದಿರಲಾರದು. ಹಾಲು ಬಾರದ ದಿನಕ್ಕೆ ಒಂದು ಸೊನ್ನೆ, ಸಿಲಿಂಡರ್ ಬಂದ ದಿನಕ್ಕೆ ಒಂದು ಗುರುತು, ಚೀಟಿ ಹಣ ಕಟ್ಟುವ ದಿನಕ್ಕೆ ಅಡ್ಡಗೆರೆ. ಅದೇ ಚೌಕದ ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತಿಥಿ, ನಕ್ಷತ್ರ. ಇನ್ನೊಂದು ಮೂಲೆಯಲ್ಲಿ ಯಾರದೋ ಜಯಂತಿ, ಯಾರದೋ ಪುಣ್ಯತಿಥಿ. ನಮ್ಮ ಹಾಲಿನ ಲೆಕ್ಕವೂ ಮಹಾತ್ಮರ ಹುಟ್ಟೂ ಒಂದೇ ಚೌಕದೊಳಗೆ ಇಕ್ಕಟ್ಟಿಲ್ಲದೆ ಇರುತ್ತವೆ.

ಪತ್ರಿಕೆಗಳಲ್ಲಿ ಬರುವ ‘ಇತಿಹಾಸದಲ್ಲಿ ಈ ದಿನ’ದಂಥ ಅಂಕಣಗಳನ್ನು ನಾನು ತಪ್ಪದೆ ಓದುತ್ತೇನೆ. ಒಬ್ಬರ ಮುಖ ಇನ್ನೊಬ್ಬರು ಕಂಡಿರದ ಜನ ಅಲ್ಲಿ ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಅಕ್ಕಪಕ್ಕ ಕೂತಿರುತ್ತಾರೆ. ಏಪ್ರಿಲ್ 24ನ್ನೇ ತೆಗೆದುಕೊಳ್ಳಿ. 1929ರ ಆ ದಿನ ಗಾಜನೂರಿನ ಮುತ್ತುರಾಜ ಹುಟ್ಟಿದರು. ಮುಂದೆ ನಮ್ಮ ರಾಜಕುಮಾರ್ ಆದರು. 1973ರ ಅದೇ ತಾರೀಖು ಮುಂಬಯಿಯ ದಾದರಿನಲ್ಲಿ ಸಚಿನ್ ತೆಂಡೂಲ್ಕರ್ ಹುಟ್ಟಿದರು. ಪುಟ್ಟಪರ್ತಿಯ ಸಾಯಿಬಾಬಾ ತೀರಿಕೊಂಡದ್ದು 2011ರ ಅದೇ ದಿನ. ಒಂದು ಮನೆಯಲ್ಲಿ ‘ಬೇಡರ ಕಣ್ಣಪ್ಪ’ದ ನೆನಪು, ಒಂದು ಮನೆಯಲ್ಲಿ ಕ್ರಿಕೆಟ್ಟು, ಇನ್ನೊಂದು ಮನೆಯಲ್ಲಿ ಭಜನೆ. ದಿನ ಮಾತ್ರ ಒಂದೇ.

ಇದನ್ನೆಲ್ಲ ನಾನು ಕುತೂಹಲಕ್ಕಷ್ಟೇ ಓದಿಕೊಂಡಿದ್ದೆ. ದಾವಣಗೆರೆಯ ನಮ್ಮ ಸರಸ್ವತಿ ನಗರದಲ್ಲಿ, ನಮ್ಮ ಮನೆಯಿಂದ ನಾಲ್ಕನೇ ಮನೆಯ ಸೊಸೆ ಒಂದು ಸಂಜೆ ಬಂದು ಕೇಳಿದ ಪ್ರಶ್ನೆಯಿಂದ ಅದು ಕುತೂಹಲವಾಗಿ ಉಳಿಯಲಿಲ್ಲ. ಅವಳ ಮಾವ ತೀರಿಕೊಂಡದ್ದು ಏಪ್ರಿಲ್ 24ರಂದು. ಎರಡು ವರ್ಷ ಕಳೆದು ಅದೇ ತಾರೀಖಿಗೆ ಅವಳಿಗೆ ಗಂಡುಮಗು ಹುಟ್ಟಿತು. ಮಗುವಿಗೆ ಈಗ ಐದು ತುಂಬುತ್ತದೆ. ಓಣಿಯ ಮಕ್ಕಳ ಹುಟ್ಟುಹಬ್ಬಗಳಿಗೆಲ್ಲ ಹೋಗಿ ಕೇಕು ತಿಂದು ಬಂದ ಮಗು, ನಂದು ಯಾವಾಗ ಎಂದು ಕೇಳುತ್ತದೆ. “ಅತ್ತೆ ಬೇಡ ಅನ್ನಲ್ಲ ಅಕ್ಕಾ. ಅವತ್ತು ಬೆಳಿಗ್ಗೆಯಿಂದ ಮಾತಾಡಲ್ಲ, ಅಷ್ಟೆ. ನಕ್ರೂ ತಪ್ಪು, ಅತ್ರೂ ತಪ್ಪು ಅನ್ನಿಸ್ತದೆ. ಏನ್ ಮಾಡ್ಲಿ ಹೇಳ್ರಿ?”

ಜೊತೆಯಲ್ಲಿದ್ದ ಹಿರಿಯರೊಬ್ಬರು ಒಡನೆಯೇ ದಾರಿ ತೋರಿಸಿದರು. “ಎಡೆ ಇಡೋದು ತಿಥಿ ನೋಡಿ, ಹುಟ್ಟಿದಹಬ್ಬ ತಾರೀಖು ನೋಡಿ. ಎರಡೂ ಬೇರೆ ಬೇರೆ ದಿನ ಬರ್ತಾವೆ, ಜಗಳವೇ ಇಲ್ಲ.” ಮಾತು ನಿಜ. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಅಧಿಕಮಾಸ ಬಂದು ಅದನ್ನು ಮತ್ತೆ ಸರಿದೂಗಿಸುತ್ತದೆ. ಹೀಗಾಗಿ ತಿಥಿಯೂ ತಾರೀಖೂ ಬೇರೆ ಬೇರೆಯಾಗಿ ನಡೆದು, ಹತ್ತೊಂಬತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಮತ್ತೆ ಕೂಡುತ್ತವೆ. ಆದರೆ ಆ ಅತ್ತೆಯ ಮನಸ್ಸಿನಲ್ಲಿ ಕೂತಿರುವುದು ಆಸ್ಪತ್ರೆಯ ಕಾಗದದ ಮೇಲಿದ್ದ ತಾರೀಖು. ಪಂಚಾಂಗ ಲೆಕ್ಕವನ್ನು ಬಗೆಹರಿಸೀತು, ಸಂಕಟವನ್ನು ಬಗೆಹರಿಸುವುದು ಹೇಗೆ? ಒಬ್ಬರು ಅಳುವ ದಿನ ಇನ್ನೊಬ್ಬರು ನಗುವುದು ಸರಿಯೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಕೆಲವು ದಿನಗಳನ್ನು ನಾವೇ ಆರಿಸಿಕೊಂಡಿರುತ್ತೇವೆ. ಸಂವಿಧಾನ ಜಾರಿಗೆ ಜನವರಿ 26 ಎಂದು ಗೊತ್ತುಮಾಡಿದ್ದು, 1930ರ ಅದೇ ದಿನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರೆಂದು. ಆಗಸ್ಟ್ 15ನ್ನು ಮೌಂಟ್‌ಬ್ಯಾಟನ್ ಆರಿಸಿದ್ದು, ಎರಡು ವರ್ಷದ ಹಿಂದೆ ಜಪಾನು ಶರಣಾದ ದಿನ ಅದೆಂದು. ನಮ್ಮ ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ದಿನ. ಇವೆಲ್ಲ ಕೂಡಿಸಿದ ಸಂಬಂಧಗಳು. ಆದರೆ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಆತ ಹುಟ್ಟಿದ್ದು ಆಗಸ್ಟ್ 15 ಎಂದು ನಾಡು ನಂಬಿಕೊಂಡು ಬಂದಿದೆ. ಇದನ್ನು ಯಾರೂ ಕೂಡಿಸಲಿಲ್ಲ. ಕೇಳಿದಾಗ ಮೈ ಜುಮ್ಮೆನ್ನುತ್ತದೆ. ದಿನಕ್ಕೇ ಏನೋ ಶಕ್ತಿ ಇದೆ ಅನ್ನಿಸಿಬಿಡುತ್ತದೆ. ಆದರೆ 2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಭುಜ್‌ನಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ದಿನಕ್ಕೆ ಶಕ್ತಿಯಿದೆ ಎಂದು ಹೊರಟರೆ ಇದನ್ನೂ ಅದರ ಲೆಕ್ಕಕ್ಕೇ ಬರೆಯಬೇಕಾಗುತ್ತದೆ. ಒಳ್ಳೆಯ ದಿನ ಕೆಟ್ಟ ದಿನ ಎಂದು ಹುಡುಕುವುದನ್ನು ಬಸವಣ್ಣನವರು ಎಂಟುನೂರು ವರ್ಷಕ್ಕೂ ಹಿಂದೆಯೇ ಒಪ್ಪಲಿಲ್ಲ. ವಚನ ಬಾಯಿಪಾಠ ಮಾಡಿದ ನಾವು ಇವತ್ತಿಗೂ ರಾಹುಕಾಲ ಕಳೆದ ಮೇಲೇ ಬ್ಯಾಂಕಿಗೆ ಹೋಗುತ್ತೇವೆ.

ದಿನಕ್ಕೆ ಗುಣವಿಲ್ಲ ಎಂದ ಮೇಲೆ ಅದನ್ನು ನೆನೆಯುವುದಾದರೂ ಯಾತಕ್ಕೆ? ಏಪ್ರಿಲ್ 24ರಂದು ನಡೆದ ಇನ್ನೂ ಕೆಲವು ಸಂಗತಿಗಳನ್ನು ನೋಡಿದರೆ ಇದಕ್ಕೆ ಉತ್ತರ ಸಿಗಬಹುದು.

1973ರ ಆ ಮಂಗಳವಾರ ದಾದರಿನ ನರ್ಸಿಂಗ್ ಹೋಮಿನಲ್ಲಿ ಮಗು ಹುಟ್ಟಿದರೆ, ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಹದಿಮೂರು ನ್ಯಾಯಾಧೀಶರು ಕೂತು ಒಂದು ತೀರ್ಪು ಕೊಟ್ಟರು. ಅರ್ಜಿ ಹಾಕಿದವರು ಕನ್ನಡಿಗರೇ, ಕಾಸರಗೋಡಿನ ಹತ್ತಿರದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯ ಕೊಟ್ಟವರು. ಕೇರಳದ ಭೂಸುಧಾರಣೆ ಕಾನೂನಿನಲ್ಲಿ ಮಠದ ಜಮೀನು ಹೋಗುತ್ತದೆಂದು 1970ರಲ್ಲಿ ಕೋರ್ಟಿಗೆ ಹೋದರು. ವಿಚಾರಣೆ 68 ದಿನ ನಡೆಯಿತು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ ನಿಂತ ತೀರ್ಪು. ಅದರ ಸಾರವನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ: ಮನೆಯ ಗೋಡೆ ಒಡೆದು ಕೋಣೆ ಮಾಡಿಕೊಳ್ಳಿ, ಹೆಂಚು ತೆಗೆದು ತಾರಸಿ ಹಾಕಿ, ಆದರೆ ತಳಪಾಯ ಅಗೆಯಬೇಡಿ. ಸಂವಿಧಾನವನ್ನು ಸಂಸತ್ತು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಏಳು ಜನರಲ್ಲಿ ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆಯವರೂ ಒಬ್ಬರು. ತೀರ್ಪಾದೊಡನೆ ಮುಖ್ಯ ನ್ಯಾಯಾಧೀಶರ ಸ್ಥಾನಕ್ಕೆ ಹಿರಿಯರಾದ ಮೂವರನ್ನು ದಾಟಿ ಬೇರೆಯವರನ್ನು ನೇಮಿಸಲಾಯಿತು. ಆ ಮೂವರಲ್ಲೂ ಹೆಗ್ಡೆಯವರಿದ್ದರು. ರಾಜೀನಾಮೆ ಕೊಟ್ಟು ಹೊರಬಂದರು. ಎರಡೇ ವರ್ಷಕ್ಕೆ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಪ್ರಧಾನಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸಬಾರದೆಂದು ಸಂವಿಧಾನಕ್ಕೆ ಸೇರಿಸಿದ್ದ ಭಾಗ ಇದೇ ತೀರ್ಪಿನ ಬಲದಿಂದ ಬಿದ್ದುಹೋಯಿತು.

ಸ್ವಾಮಿಗಳು ಬಯಸಿ ಹೋದ ಜಮೀನು ಅವರ ಕೈಸೇರಲಿಲ್ಲ. ದೇಶಕ್ಕೆ ತಳಪಾಯ ಸಿಕ್ಕಿತು. ಈ ಇಬ್ಬರು ನೆರೆಯವರಲ್ಲಿ, ಆ ದಿನ ಹುಟ್ಟಿದ ಮಗುವಿನ ಹೆಸರು ಓಣಿಯ ಮಕ್ಕಳಿಗೆಲ್ಲ ಗೊತ್ತು. ಆ ದಿನದ ತೀರ್ಪು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸಚಿನ್ ಬಗ್ಗೆ, ರಾಜಕುಮಾರ್ ಬಗ್ಗೆ ನನಗೆ ಕಡಿಮೆ ಪ್ರೀತಿಯಿಲ್ಲ. ಆದರೆ ಹುಟ್ಟಿದ ದಿನ ಅವರು ಅತ್ತದ್ದು ಬಿಟ್ಟರೆ ಇನ್ನೇನೂ ಮಾಡಿರಲಿಲ್ಲ. ಅವತ್ತು ದುಡಿದವರು ಯಾರಾದರೂ ಇದ್ದರೆ ಗಾಜನೂರಿನ ಲಕ್ಷ್ಮಮ್ಮ, ದಾದರಿನ ರಜನಿ ತೆಂಡೂಲ್ಕರ್. ಯಾವ ಅಂಕಣವೂ ‘ಈ ದಿನ ಲಕ್ಷ್ಮಮ್ಮ ಹೆತ್ತರು’ ಎಂದು ಬರೆಯುವುದಿಲ್ಲ. ಈ ಅಂಕಣಗಳಲ್ಲಿ ಹೆಂಗಸರ ಹೆಸರು ಬೆರಳೆಣಿಕೆಯಷ್ಟು. ಬರಬೇಕೆಂದರೂ ನಮ್ಮ ಅಜ್ಜಿಯರಿಗೆ ತಾರೀಖೇ ಎಲ್ಲಿತ್ತು? ದೊಡ್ಡ ಮಳೆ ಬಂದ ವರ್ಷ, ಪ್ಲೇಗಿನ ವರ್ಷ, ಕಾರಹುಣ್ಣಿಮೆಯ ಮಾರನೆ ದಿನ ಎಂದೇ ಅವರ ಹುಟ್ಟು. ಶಾಲೆಗೆ ಹೋದವರಿಗೆ ಹೆಡ್‌ಮಾಸ್ತರು ಜೂನ್ 1 ಎಂದು ಬರೆದುಕೊಂಡರು. ಹಾಗೆ ನೋಡಿದರೆ ಕರ್ನಾಟಕದಲ್ಲಿ ಅತಿ ಹೆಚ್ಚು ಜನ ಒಟ್ಟಿಗೆ ಹುಟ್ಟಿದ ದಿನ ಜೂನ್ 1ಕ್ಕೇ ಇರಬೇಕು!

ಏಪ್ರಿಲ್ 24ಕ್ಕೆ ಇನ್ನೂ ಒಂದು ನೆನಪಿದೆ, ಅದು ನಮ್ಮದೇ. 1993ರ ಅದೇ ದಿನ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ದೇಶದ ಪಂಚಾಯಿತಿಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಂತೆ ಹೆಂಗಸರಿಗೆ ಸ್ಥಾನ ಮೀಸಲಾಯಿತು. 2010ರಿಂದ ಆ ದಿನವನ್ನು ಪಂಚಾಯತ್ ರಾಜ್ ದಿನವೆಂದು ಆಚರಿಸುತ್ತಾರೆ. ನಮ್ಮ ರಾಜ್ಯದಲ್ಲಿ ಅಷ್ಟರೊಳಗೆ ಈ ಕೆಲಸ ಶುರುವಾಗಿತ್ತು. ನೀರಿನ ಬೋರುಗಳನ್ನು ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ತಂದ ಕಾನೂನಿನಂತೆ 1987ರ ಚುನಾವಣೆಯಲ್ಲೇ ನಾಲ್ಕರಲ್ಲೊಂದು ಪಾಲು ಹೆಂಗಸರಿಗಿತ್ತು. ಈಗ ಅರ್ಧ. ಮೊದಮೊದಲು ಹೆಂಡತಿ ಸದಸ್ಯೆ, ಸಭೆಗೆ ಹೋಗುವವನು ಗಂಡ. ಅವಳು ಚಹಾ ಕಾಸಿ ಕಳಿಸುತ್ತಿದ್ದಳು, ತೋರಿಸಿದಲ್ಲಿ ಸಹಿ ಹಾಕುತ್ತಿದ್ದಳು. ಆ ಚಾಳಿ ಪೂರ್ತಿ ಹೋಗಿಲ್ಲ. ಆದರೂ ಹರಿಹರ, ಹರಪನಹಳ್ಳಿ ಕಡೆಯ ಬಸ್ಸಿನಲ್ಲಿ ಫೈಲು ಮಡಿಲಲ್ಲಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಹೊರಟ ಹೆಣ್ಣುಮಗಳನ್ನು ಕಂಡಾಗ ಈ ತಾರೀಖು ನನಗೆ ನೆನಪಾಗುತ್ತದೆ.

ಅದೇ ತಾರೀಖಿಗೆ ಒಂದು ಸೂತಕವೂ ಇದೆ. 2013ರ ಏಪ್ರಿಲ್ 24ರ ಬೆಳಿಗ್ಗೆ ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿಯಿತು. ಒಳಗೆ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದವು. ಸತ್ತವರು 1,134 ಜನ, ಹೆಚ್ಚಿನವರು ಹೆಂಗಸರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕಿನವರನ್ನು ಮನೆಗೆ ಕಳಿಸಿದರು, ಹೊಲಿಯುವವರನ್ನು ಮಾರನೆ ದಿನ ಕೆಲಸಕ್ಕೆ ಕರೆದರು. ಒಂದೇ ಕಟ್ಟಡ, ಒಂದೇ ಬಿರುಕು. ಆದರೂ ಒಬ್ಬರ ಜೀವಕ್ಕೊಂದು ಬೆಲೆ, ಇನ್ನೊಬ್ಬರ ಜೀವಕ್ಕೊಂದು ಬೆಲೆ. ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನವಳು ನಾನು. ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸಿಗೆ ಬೆಳಿಗ್ಗೆ ಡಬ್ಬಿ ಹಿಡಿದು ಓಡುವವರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳೂ ಇದ್ದಾರೆ. ಸಾವರ್‌ನ ಆ ಬಿರುಕು ನನಗೆ ದೂರದ ಸುದ್ದಿಯಾಗಿ ಕಾಣುವುದಿಲ್ಲ.

ಹಾಗಾದರೆ ಏಪ್ರಿಲ್ 24ರಂದು ರಾಜಕುಮಾರ್ ಹಾಡಿನ ರಸಮಂಜರಿ ಇಡಬಾರದೆ? ಇಡಬೇಕು. ಸತ್ತವರಿಗಾಗಿ ನಗುವನ್ನು ನಿಲ್ಲಿಸುತ್ತ ಹೋದರೆ ವರ್ಷದ 365 ದಿನದಲ್ಲಿ ಒಂದೂ ಉಳಿಯಲಾರದು. ಎಲ್ಲ ತಾರೀಖಿನಲ್ಲೂ ಯಾರೋ ಹೋಗಿದ್ದಾರೆ, ಎಲ್ಲ ತಾರೀಖಿನಲ್ಲೂ ಯಾರೋ ಬಂದಿದ್ದಾರೆ. ಆದರೆ ಅವರಿಗೂ ನಮಗೂ ಏನೂ ಸಂಬಂಧವಿಲ್ಲ ಎನ್ನುವುದೂ ಸರಿಯಲ್ಲ. ಇದಕ್ಕೆ ನಮ್ಮ ಹಿರಿಯರ ನಡವಳಿಕೆಯಲ್ಲೇ ಒಂದು ಉತ್ತರವಿದೆ. ಮದುವೆಯ ಮೆರವಣಿಗೆ ಹೊರಟಾಗ ದಾರಿಯಲ್ಲಿ ಸಾವಾದ ಮನೆಯಿದ್ದರೆ ಅದರ ಮುಂದೆ ವಾಲಗ ನಿಲ್ಲಿಸುತ್ತಾರೆ. ಮದುವೆ ನಿಲ್ಲುವುದಿಲ್ಲ, ಮುಹೂರ್ತ ತಪ್ಪುವುದಿಲ್ಲ. ಹತ್ತಿಪ್ಪತ್ತು ಹೆಜ್ಜೆ ಎಲ್ಲರೂ ಸುಮ್ಮನೆ ನಡೆಯುತ್ತಾರೆ. ಓಣಿ ದಾಟಿದ ಮೇಲೆ ಡೋಲು ಮತ್ತೆ ಶುರುವಾಗುತ್ತದೆ. ಆ ಸಾವಿನ ಮನೆಯವರೂ ಮದುವೆಯವರ ಮೇಲೆ ಸಿಟ್ಟಾಗುವುದಿಲ್ಲ. ಒಂದೇ ಓಣಿಯಲ್ಲಿ ಬಾಳುವವರು ಒಬ್ಬರಿಗೊಬ್ಬರು ಕೊಡಬೇಕಾದದ್ದು ಅಷ್ಟೇ ಎಂದು ನನಗೆ ತೋರುತ್ತದೆ. ಒಂದೇ ತಾರೀಖನ್ನು ಹಂಚಿಕೊಂಡವರೂ ಒಂದು ಬಗೆಯಲ್ಲಿ ಒಂದೇ ಓಣಿಯವರು.

ಆ ಸೊಸೆಗೂ ನಾನು ಇಷ್ಟನ್ನೇ ಹೇಳಿದೆ. ಬೆಳಿಗ್ಗೆ ಅಜ್ಜನ ಫೋಟೋಕ್ಕೆ ಹೂ ಹಾಕುವಾಗ ಮಗುವನ್ನೂ ಕರೆದುಕೊ, ಅಜ್ಜ ಹೇಗಿದ್ದರು ಎಂದು ಅತ್ತೆಯ ಬಾಯಿಂದಲೇ ಹೇಳಿಸು. ಸಂಜೆ ಓಣಿಯ ಮಕ್ಕಳನ್ನು ಕರೆ. ಅವಳು ಹಾಗೇ ಮಾಡಿದಳಂತೆ. ಅತ್ತೆ ಸಂಜೆ ಹೊರಗೆ ಬಂದು ಕೂರಲಿಲ್ಲ, ಹಾಡಿಗೆ ಚಪ್ಪಾಳೆ ತಟ್ಟಲಿಲ್ಲ. ಆದರೆ ಮಕ್ಕಳಿಗೆಂದು ಗೋಧಿ ಹುಗ್ಗಿ ಮಾಡಿದವರು ಅವರೇ. ಇದಕ್ಕಿಂತ ಹೆಚ್ಚಿನದನ್ನು ಒಂದು ದಿನದಿಂದ ಕೇಳಬಾರದು.

ದಿನಕ್ಕೆ ತನ್ನದೆಂಬ ಗುಣವಿಲ್ಲದಿದ್ದರೂ ನೆನೆಯುವ ನಮಗೆ ಗುಣವಿರಬೇಕು. ಖುಷಿಯ ಸರದಿ ನಮ್ಮದಾದಾಗ ಹತ್ತು ಹೆಜ್ಜೆ ಸುಮ್ಮನೆ ನಡೆಯುವುದು ಒಂದು ಗುಣ. ಹುಟ್ಟಿದವರನ್ನು ಕೊಂಡಾಡುವಾಗ ಹೆತ್ತವರನ್ನೂ ದುಡಿದವರನ್ನೂ ಬಿಡದಿರುವುದು ಇನ್ನೊಂದು. ಮುಂದಿನ ಏಪ್ರಿಲ್ 24ಕ್ಕೆ ಮನೆಯಲ್ಲಿ ಅಣ್ಣಾವ್ರ ಹಾಡು ಹಾಕಿ, ಮಕ್ಕಳಿಗೆ ಸಚಿನ್ ಕಥೆ ಹೇಳಿ. ಜೊತೆಗೆ ಎಡನೀರಿನ ಸ್ವಾಮಿಗಳ ಮೊಕದ್ದಮೆಯ ಕಥೆಯನ್ನೂ, ಪಂಚಾಯಿತಿಯಲ್ಲಿ ಹೆಂಗಸರಿಗೆ ಕುರ್ಚಿ ಸಿಕ್ಕ ಕಥೆಯನ್ನೂ ಹೇಳಿ. ಮಗಳ ಹೊಸ ಅಂಗಿಯ ಹೊಲಿಗೆ ನೋಡುವಾಗ, ಬಿರುಕು ಬಿಟ್ಟ ಗೋಡೆಯೊಳಗೆ ಕೂತು ಹೊಲಿದವರ ನೆನಪೂ ಒಂದು ಗಳಿಗೆ ಬರಲಿ.