ಸಂದೇಹದ ಮದ್ದು ಮತ್ತು ದಯೆ

ಬೆಳೆಯ ಕೀಟಗಳಿಗೆಂದು ತಂದ ವಿಷವನ್ನು ಮನನೊಂದ ಮನುಷ್ಯ ತಾನೇ ಸೇವಿಸಿ ಆಸ್ಪತ್ರೆ ಸೇರುವುದು ದಕ್ಷಿಣ ಏಷ್ಯಾದ ಹಳ್ಳಿನಾಡುಗಳಲ್ಲಿ ಇನ್ನೂ ನಿಂತಿಲ್ಲ. ಆರ್ಗನೋಫಾಸ್ಫರಸ್ ವರ್ಗದ ವಿಷವು ನರಸಂದೇಶವನ್ನು ಮುಗಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಶ್ವಾಸಕೋಶದಲ್ಲಿ ದ್ರವ ತುಂಬಿ, ಸ್ನಾಯುಗಳು ಸೋತು, ಉಸಿರು ನಿಲ್ಲುತ್ತದೆ. ಅಟ್ರೋಪಿನ್, ಆಮ್ಲಜನಕ, ಅಗತ್ಯವಾದರೆ ಕೃತಕ ಉಸಿರಾಟ ಇವು ಮೂಲ ಚಿಕಿತ್ಸೆ. ಇದ್ದಿಲು, ಪ್ರಾಲಿಡಾಕ್ಸಿಮ್ ಮೊದಲಾದವು ಅದಕ್ಕೆ ಸೇರಿಸುವ ಉಪಚಿಕಿತ್ಸೆಗಳು.

ಅಂಥ ಮದ್ದನ್ನು ಪರೀಕ್ಷಿಸಲು ಕೆಲವರಿಗೆ ಅದನ್ನೂ ಕೆಲವರಿಗೆ ಬರಿಯ ಲವಣಜಲವನ್ನೂ ಕೊಡುವುದು ಸಾಯುತ್ತಿರುವವನೊಡನೆ ಆಡುವ ಪಗಡೆಯಲ್ಲವೇ ಎಂಬ ಆಕ್ಷೇಪ ಸಹಜವಾದುದು. ಆದರೆ ಮೂಲ ಚಿಕಿತ್ಸೆ ಎಲ್ಲರಿಗೂ ಸಲ್ಲುತ್ತದೆ. ತಡೆಹಿಡಿಯುವುದು ಉಪಕಾರವೋ ಅಪಕಾರವೋ ತಿಳಿಯದ ವಸ್ತುವನ್ನು ಮಾತ್ರ. ಶ್ರೀಲಂಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ 4632 ರೋಗಿಗಳ ಪರೀಕ್ಷೆಯಲ್ಲಿ ಇದ್ದಿಲನ್ನು ಮತ್ತೆ ಮತ್ತೆ ಕುಡಿಸಿದವರಿಗೂ ಕುಡಿಸದವರಿಗೂ ಸಾವಿನಲ್ಲಿ ಗಣನೀಯ ಅಂತರ ಕಾಣಲಿಲ್ಲ. 2009ರಲ್ಲಿ ಪ್ರಕಟವಾದ ಅಲ್ಲಿಯದೇ ಮತ್ತೊಂದರಲ್ಲಿ ಪ್ರಾಲಿಡಾಕ್ಸಿಮ್ ಪಡೆದ 121 ಮಂದಿಯಲ್ಲಿ 30 ಮಂದಿ, ಪಡೆಯದ 114 ಮಂದಿಯಲ್ಲಿ 18 ಮಂದಿ ತೀರಿಕೊಂಡರು. ರಕ್ತದಲ್ಲಿ ಕಿಣ್ವವು ಚೇತರಿಸಿಕೊಂಡಿತ್ತು. ರೋಗಿ ಚೇತರಿಸಿಕೊಂಡದ್ದು ಮಾತ್ರ ಕಾಣಲಿಲ್ಲ. ಈ ಅಂತರ ಆಕಸ್ಮಿಕವೂ ಆಗಿದ್ದೀತು, ಮದ್ದೇ ಕೊಂದಿತೆನ್ನಲಾಗದು. ಆದರೂ ದಶಕಗಳ ಕಾಲ ಅದನ್ನು ನಿಸ್ಸಂಶಯವಾಗಿ ಕೊಡುತ್ತ ಬಂದುದನ್ನು ದಯೆಯೆನ್ನಬೇಕೋ ಪ್ರಮಾದವೆನ್ನಬೇಕೋ ಎಂಬುದು ಔಷಧದಾನ ಮಾಡುವ ಸಂಸ್ಥೆಗಳೂ ವಿಚಾರಿಸತಕ್ಕ ವಿಷಯ.

ಇದಕ್ಕಿಂತ ಕಠಿನವಾದುದು ಒಪ್ಪಿಗೆಯ ಪ್ರಶ್ನೆ. ಗಳಿಗೆಯ ಹಿಂದೆ ಸಾವನ್ನೇ ಬಯಸಿದವನು ಈಗ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಪಕ್ಕದಲ್ಲಿ ಅಳುತ್ತಿರುವ ಹೆಂಡತಿ ಯಾವ ಕಾಗದ ಕೊಟ್ಟರೂ ಸಹಿ ಹಾಕುವಳು. ಅದು ಒಪ್ಪಿಗೆಯೇ? ಪೂರ್ಣಾರ್ಥದಲ್ಲಿ ಅಲ್ಲ. ಹಾಗೆಂದು ಪರೀಕ್ಷೆಯನ್ನೇ ಬಿಟ್ಟರೆ ಇಂಥ ರೋಗಿಗಳೆಲ್ಲ ಎಂದೆಂದಿಗೂ ಊಹೆಯ ಚಿಕಿತ್ಸೆಗೇ ಗುರಿಯಾಗುವರು. ಒಪ್ಪಿಗೆ ದುರ್ಬಲವಾದಷ್ಟೂ ಪರೀಕ್ಷಕನ ಹೊಣೆ ಹೆಚ್ಚುತ್ತದೆ: ಎಚ್ಚರವಾದೊಡನೆ ರೋಗಿಯನ್ನೇ ಕೇಳಬೇಕು, ಅವನು ಬೇಡವೆಂದರೆ ಬಿಡಬೇಕು, ಹಾನಿಯ ಸುಳಿವು ಕಂಡೊಡನೆ ನಿಲ್ಲಿಸಲು ಹೊರಗಿನವರ ಕಾವಲಿರಬೇಕು.

ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಅಲ್ಲಿ ಎರಡೂ ಗುಂಪಿಗೆ ಪ್ರಾಲಿಡಾಕ್ಸಿಮ್ ದೊರೆತಿತ್ತು. ಎಡೆಬಿಡದೆ ಹೆಚ್ಚು ಪ್ರಮಾಣದಲ್ಲಿ ಪಡೆದವರು ಹೆಚ್ಚಾಗಿ ಬದುಕಿದರು. ಆ ಸುದ್ದಿ ತಲುಪಿದ ಮೇಲೆ ಶ್ರೀಲಂಕಾದಲ್ಲಿ ಹೊಸ ರೋಗಿಗಳ ಸೇರ್ಪಡೆ ಕುಗ್ಗಿ, ಉದ್ದೇಶಿಸಿದ ಸಂಖ್ಯೆ ಮುಟ್ಟುವ ಮೊದಲೇ ಪರೀಕ್ಷೆ ನಿಂತಿತು. ಭರವಸೆಯ ಮದ್ದು ತಮ್ಮವರಿಗೇ ಸಿಗಲೆಂದು ಬಯಸುವವರನ್ನು ದೂರುವಂತಿಲ್ಲ. ಆದರೆ ಅದಾಗಲೇ ಸೇರಿದ್ದ 235 ಮಂದಿ ಯಾವ ಉತ್ತರಕ್ಕಾಗಿ ಒಳಪಟ್ಟಿದ್ದರೋ ಅದು ಅರ್ಧಕ್ಕೇ ಉಳಿಯಿತು.