ಗಾಡಿ ನಿಂತ ದಿನ

ದೂರದ ಪ್ರಯಾಣದಲ್ಲಿ ಓಡುವ ದಿನಗಳನ್ನು ನಕ್ಷೆ ನೋಡಿ ನಾವು ಗೊತ್ತು ಮಾಡುತ್ತೇವೆ. ನಿಲ್ಲುವ ದಿನವನ್ನು ಗಾಡಿಯೇ ಗೊತ್ತು ಮಾಡುತ್ತದೆ. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿ.ಮೀ. ಚಿತ್ರದುರ್ಗ, ಹುಬ್ಬಳ್ಳಿ, ನಿಪ್ಪಾಣಿ, ಸಾತಾರಾ ದಾಟಿಸಿ ತಂದ 48ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಮುಂದೆ ದೆಹಲಿಯವರೆಗೂ ಹೋಗುತ್ತದೆ. ಅಷ್ಟು ದೂರ ಹೋಗಬೇಕಾದವರು ಪುಣೆಯ ಶಿವಾಜಿನಗರದಲ್ಲಿ ಒಂದು ದಿನ ತಂಗಿ ಎಣ್ಣೆ, ಗಾಳಿ, ಬೆಳಕು ಸರಿಮಾಡಿಕೊಂಡರೆ ಮುಂದಿನ ದಾರಿ ಹಗುರ. ಅಂಥ ಒಂದು ದಿನ ಅಂಗಡಿ, ಗ್ಯಾರೇಜು ಅಲೆಯುತ್ತ ಹೊಳೆದ ಕೆಲವು ಮಾತುಗಳಿವು.

*

ಬೆಳಗ್ಗೆ ಚೀಟಿ ಬರೆಯುವಾಗ ಅಗತ್ಯ ಮೊದಲ ಸಾಲಿನಲ್ಲಿರುತ್ತದೆ, ಆಸೆ ಕೊನೆಯ ಸಾಲಿನಲ್ಲಿ. ಅಂಗಡಿ ಮುಂದೆ ನಿಂತ ಕೂಡಲೇ ಚೀಟಿ ತಲೆಕೆಳಗಾಗುತ್ತದೆ.

*

ಎಂಜಿನ್ ಆಯಿಲ್ ಬದಲಿಸಿದ್ದು ಯಾರ ಕಣ್ಣಿಗೂ ಬೀಳದು. ಹೊಸ ಸೀಟ್ ಕವರ್ ಎಲ್ಲರಿಗೂ ಕಾಣುತ್ತದೆ. ಸುರಿದ ದುಡ್ಡಿನಲ್ಲಿ ಗಾಡಿಯ ಪಾಲೆಷ್ಟು, ನೋಡುವವರ ಪಾಲೆಷ್ಟು ಎಂಬುದು ರಾತ್ರಿ ಬಿಲ್ಲುಗಳನ್ನು ಹರಡಿಕೊಂಡು ಕೂತಾಗ ತಿಳಿಯುತ್ತದೆ.

*

ಸಾಮಾನ್ಯವಾಗಿ ಕಾರುಗಳಿಗೆ ಬರುವ ಎಚ್4 ಹೆಡ್‌ಲೈಟ್ ಬಲ್ಬು 60/55 ವಾಟಿನದು. ‘ಘಾಟಿನಲ್ಲಿ ಏನೂ ಕಾಣಲ್ಲ, 100/90 ಹಾಕಿಸಿಬಿಡಿ’ ಎಂದು ಸಲಹೆ ಕೊಡುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಆ ಬಲ್ಬು ಹಳೇ ಹೋಲ್ಡರಿನಲ್ಲಿ ಸಲೀಸಾಗಿ ಕೂರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ತಂತಿ ಅಷ್ಟು ಕರೆಂಟಿಗೆ ಎಳೆದದ್ದಲ್ಲ. ಮೊದಲು ಬಿಸಿಯಾಗುತ್ತದೆ, ಆಮೇಲೆ ಹೋಲ್ಡರ್ ಕರಗುತ್ತದೆ. ಜಾಗ ಸಿಕ್ಕಿತೆಂದು ಯೋಗ್ಯತೆ ಬಂತೆಂದು ತಿಳಿಯಬಾರದು. ಇದು ಬಲ್ಬಿಗೂ ಸರಿ, ಕುರ್ಚಿಗೂ ಸರಿ.

*

ನನ್ನ ಬೆಳಕು ಎದುರಿನವನ ಕಣ್ಣು ಕಟ್ಟಿದರೆ, ಅವನು ಬಂದು ಗುದ್ದುವುದು ನನಗೇ.

*

ಶಿವಾಜಿನಗರದ ಎಂಜಿನಿಯರಿಂಗ್ ಕಾಲೇಜು 1854ರಷ್ಟು ಹಳೆಯದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1883ರಲ್ಲಿ ಎಂಜಿನಿಯರಾಗಿ ಹೊರಬಂದದ್ದು ಇಲ್ಲಿಂದಲೇ. ಇಪ್ಪತ್ತು ವರ್ಷದ ಮೇಲೆ, 1903ರಲ್ಲಿ, ಪುಣೆಯ ಪಕ್ಕದ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನಷ್ಟು ನೀರು ನಿಲ್ಲಿಸುವ ಉಪಾಯ ಅವರದಾಯಿತು. ಕಟ್ಟೆಯನ್ನು ಎತ್ತರಿಸದೆ ಕೋಡಿಯ ಮೇಲೆ ಬಾಗಿಲು ಕೂರಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಮುಂದೆ ಕೃಷ್ಣರಾಜಸಾಗರಕ್ಕೂ ಇಂಥ ಬಾಗಿಲು ಬಂದವು. ಹೆಚ್ಚು ಹಿಡಿಸುವ ಏರ್ಪಾಟಿನೊಳಗೇ ಹೆಚ್ಚಾದದ್ದನ್ನು ಬಿಡುವ ಏರ್ಪಾಟೂ ಇತ್ತು. ಗಾಡಿಯ ಮಾಡಿನ ಮೇಲೆ ಕ್ಯಾರಿಯರ್ ಕಟ್ಟಿಸಿ ಬ್ರೇಕ್ ತೋರಿಸದೆ ಹೊರಡುವವರು ಈ ಕಾಲೇಜಿನ ಗೇಟಿನ ಮುಂದೆ ಒಂದು ಕ್ಷಣ ಗಾಡಿ ನಿಲ್ಲಿಸಬೇಕು.

*

1961ರ ಜುಲೈ 12ರಂದು ಮೇಲ್ಗಡೆಯ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಕೆಲಸ ಪೂರ್ತಿಯಾಗುವ ಮೊದಲೇ ನೀರು ತುಂಬಿಸಿದ್ದರು. ಆ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾದ ಹಳೇ ಕಟ್ಟೆಯೂ ಬಾಯ್ಬಿಟ್ಟಿತು, ಪುಣೆಯ ನದಿದಂಡೆಯ ಪೇಟೆಗಳು ಮುಳುಗಿದವು. ನಮ್ಮ ಬಾಗಿಲು ಎಷ್ಟು ಜಾಣತನದ್ದಾದರೂ ಮೇಲಿನವರ ಅವಸರ ನಮ್ಮ ಲೆಕ್ಕದಲ್ಲಿರುವುದಿಲ್ಲ. ಹೆದ್ದಾರಿಯಲ್ಲೂ ಅಷ್ಟೆ: ನಮ್ಮ ಬ್ರೇಕ್ ನಮ್ಮ ಕಾಲಡಿ ಇದೆ, ಹಿಂದಿನ ಲಾರಿಯ ಬ್ರೇಕ್ ಎಲ್ಲಿದೆಯೋ! ಅಂತರವೊಂದನ್ನು ಮಾತ್ರ ನಾವು ಉಳಿಸಿಕೊಳ್ಳಬಹುದು.

*

‘ಹೋ ಜಾಯೇಗಾ’ ಎನ್ನುವ ಮೆಕ್ಯಾನಿಕ್ ಗಾಡಿಯನ್ನು ಇನ್ನೂ ನೋಡಿಲ್ಲ. ‘ಬಘಾವ ಲಾಗೇಲ್’, ನೋಡಬೇಕಾಗುತ್ತೆ, ಎಂದು ಗೊಣಗುತ್ತ ಕೆಳಗೆ ತೂರಿಕೊಳ್ಳುವವನ ಕೈಗೆ ಕೀಲಿ ಕೊಡಬಹುದು.

*

ಬಿಚ್ಚಿ ಎಸೆದ ಹಳೇ ಸಾಮಾನನ್ನು ಕೇಳಿ ತೆಗೆದುಕೊಂಡು ನೋಡಬೇಕು. ಟೈರು ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಕಮ್ಮಿಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿತ್ತು. ಬ್ರೇಕ್ ಪ್ಯಾಡ್ ಅಕಾಲದಲ್ಲಿ ತೆಳ್ಳಗಾಗಿದ್ದರೆ ಓಡಿಸಿದವನ ಸ್ವಭಾವವನ್ನು ಬೇರೆ ಕೇಳಬೇಕಾಗಿಲ್ಲ. ಹೊಸದು ಹಾಕಿಸಿಕೊಳ್ಳುವ ಉತ್ಸಾಹದಲ್ಲಿ ಹಳೆಯದು ಹೇಳುವ ಸಾಕ್ಷ್ಯವನ್ನು ಗುಜರಿಗೆ ಹಾಕುತ್ತೇವೆ. ಅದೇ ಸವೆತ ಮತ್ತೆ ಬಂದಾಗ ಕಂಪನಿಯನ್ನು ಬೈಯುತ್ತೇವೆ.

*

ಟೈರಿನ ಮಗ್ಗುಲಲ್ಲಿ ನಾಲ್ಕಂಕಿಯ ಒಂದು ಗುರುತಿರುತ್ತದೆ. 2323 ಎಂದಿದ್ದರೆ 2023ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಅಂಗಡಿಯ ಗೋಡೆಗೆ ಒರಗಿ ಹೊಳೆಯುವ ಟೈರಿಗೂ ವಯಸ್ಸಾಗುತ್ತಲೇ ಇರುತ್ತದೆ. ರಸ್ತೆಗೆ ಇಳಿಯದೆ ಇದ್ದವರು ಹೊಸಬರಾಗಿ ಉಳಿಯುತ್ತಾರೆಂಬ ನಿಯಮ ರಬ್ಬರಿಗಿಲ್ಲ.

*

ನಾವು ಉಸಿರಾಡುವ ಗಾಳಿಯಲ್ಲಿ ಆಗಲೇ ನೂರಕ್ಕೆ 78 ಪಾಲು ಸಾರಜನಕ. ಟೈರಿಗೆ ‘ನೈಟ್ರೋಜನ್’ ಹಿಡಿಸಿ ಕೊಡುವ ದುಡ್ಡು ಉಳಿದ 22ರ ಬಾಬ್ತು. ಇದರಿಂದ ಲಾಭವೇ ಇಲ್ಲವೆಂದಲ್ಲ, ಗಾಳಿ ಒಣಗಿರುತ್ತದೆ. ಆದರೆ ನೈಟ್ರೋಜನ್ ಹಾಕಿಸಿದೆನೆಂಬ ನೆಮ್ಮದಿಯಲ್ಲಿ ಪ್ರೆಶರ್ ನೋಡಿಸುವುದನ್ನೇ ಬಿಟ್ಟರೆ, ಬಂದ ಲಾಭಕ್ಕಿಂತ ಹೋದದ್ದು ಹೆಚ್ಚು.

*

ಓಡಿ ಬಂದ ಟೈರಿನ ಒತ್ತಡ ಬಿಸಿಗೆ ಹೆಚ್ಚು ತೋರಿಸುತ್ತದೆ. ತಣ್ಣಗಾದ ಮೇಲೆ ಅಳೆದದ್ದೇ ನಿಜ. ದಿನವಿಡೀ ಕಾರಿನಲ್ಲಿ ಕೂತು ಬಂದ ಗಂಡ ಹೆಂಡತಿ ರೂಮಿನ ಬಾಗಿಲಲ್ಲಿ ಆಡಿಕೊಂಡ ಮಾತನ್ನೂ ಬೆಳಗಿನ ಚಹಾ ಆದಮೇಲೆಯೇ ಅಳೆಯಬೇಕು.

*

‘ಯಾವೂರ್ರೀ ಅಣ್ಣಾರ?’ ನಂಬರ್ ಪ್ಲೇಟಿನ ಕೆಎ ನೋಡಿ ಪಂಕ್ಚರ್ ಅಂಗಡಿಯ ಹುಡುಗ ಕೇಳುತ್ತಾನೆ. ಅವನ ಊರು ಇಂಡಿ ತಾಲ್ಲೂಕಿನಲ್ಲಿ. ‘ಹಿಂದಿನ ಗಾಲಿಗೆ ಗಾಳಿ ಕಮ್ಮಿ ಐತ್ರಿ. ರೊಕ್ಕ ಬ್ಯಾಡ ಬಿಡ್ರಿ.’ ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರು ಪುಣೆಯಲ್ಲಿ ಎಷ್ಟೋ ಮಂದಿ. ಅವರೂ ಗಂಟುಮೂಟೆ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ದೂರದ ದಾರಿ ಬಂದವರೇ. ನಮ್ಮದನ್ನು ರೋಡ್ ಟ್ರಿಪ್ ಎನ್ನುತ್ತಾರೆ. ಅವರದಕ್ಕೆ ಯಾರೂ ಫೋಟೊ ತೆಗೆಯುವುದಿಲ್ಲ.

*

ಪುಣೆಯ ಹಳೇ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವುದು ಊರಿಗೆಲ್ಲ ತಮಾಷೆಯ ಮಾತು. ಕೆಲಸ ಇಟ್ಟುಕೊಂಡು ಬಂದವರಿಗೆ ಮೊದಲು ಸಿಟ್ಟು, ಆಮೇಲೆ ನಿದ್ದೆ ಬರುತ್ತದೆ. ಗಿರಾಕಿ ದೇವರೆಂದು ಎಲ್ಲ ಊರಿನ ಅಂಗಡಿಯವರೂ ಬರೆದು ತೂಗುಹಾಕುತ್ತಾರೆ. ದೇವರಿಗೂ ಮಧ್ಯಾಹ್ನ ಬಾಗಿಲು ಹಾಕುವುದುಂಟು ಎಂಬುದನ್ನು ಇವರು ನೆನಪಿಟ್ಟುಕೊಂಡಿದ್ದಾರೆ.

*

ಆ ಮೂರು ಗಂಟೆಯಲ್ಲಿ ಹೋಗಿ ಬರಲು ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರವಿದೆ. ಎಂಟನೇ ಶತಮಾನ, ರಾಷ್ಟ್ರಕೂಟರ ಕಾಲದ್ದು. ಒಂದೇ ಕರಿಗಲ್ಲನ್ನು ಕೊರೆದು ಮಾಡಿದ ಗುಡಿ, ಮುಂದೆ ದುಂಡನೆಯ ನಂದಿಮಂಟಪ. ಕೆಲಸ ಪೂರ್ತಿಯಾಗಿಲ್ಲ. ಕಟ್ಟುವವನು ಒಂದು ಕಲ್ಲು ತಪ್ಪಿಟ್ಟರೆ ತೆಗೆದು ಇನ್ನೊಂದು ಇಡಬಹುದು. ಕೊರೆಯುವವನಿಗೆ ಆ ಅನುಕೂಲವಿಲ್ಲ, ತೆಗೆದದ್ದು ಹೋಯಿತು. ಆದ್ದರಿಂದ ಯಾವುದನ್ನು ಉಳಿಸಬೇಕೆಂದು ಮೊದಲೇ ತಿಳಿದಿರಬೇಕು. ಪ್ರಯಾಣದ ಸಾಮಾನು ಕಟ್ಟುವುದನ್ನು ಈ ಶಿಲ್ಪಿಗಳಿಂದ ಕಲಿತಿದ್ದರೆ ಡಿಕ್ಕಿಯ ಬಾಗಿಲು ಹಾಕಲು ಇಬ್ಬರು ಬೇಕಾಗುತ್ತಿರಲಿಲ್ಲ.

*

ಹೀಗೆ ಒಂದು ಗಂಟು ಸಾಮಾನು ಅಂಚೆ ಪಾರ್ಸೆಲ್ಲಿನಲ್ಲಿ ಬೆಂಗಳೂರಿಗೆ ವಾಪಸು ಹೋಯಿತು. ಆ ದಿನ ಗಾಡಿಗೆ ಮಾಡಿಸಿದ ಸುಧಾರಣೆಗಳಲ್ಲೆಲ್ಲ ಅಗ್ಗವಾದದ್ದು, ತಕ್ಷಣ ಗೊತ್ತಾದದ್ದು ಅದೊಂದೇ.

*

ಅದೇ ಜಂಗ್ಲಿ ಮಹಾರಾಜ ರಸ್ತೆಗೆ ಇನ್ನೊಂದು ಹೆಸರುವಾಸಿಯುಂಟು. 1970ರ ದಶಕದಲ್ಲಿ ರೆಕಾಂಡೊ ಎಂಬ ಕಂಪನಿ ಹತ್ತು ವರ್ಷ ಗುಂಡಿ ಬೀಳದು ಎಂಬ ಖಾತ್ರಿ ಕೊಟ್ಟು ಇದನ್ನು ಮಾಡಿತು. ಖಾತ್ರಿಯ ಅವಧಿ ಮುಗಿದು ಎಷ್ಟೋ ವರ್ಷವಾದರೂ ರಸ್ತೆ ಹಾಗೇ ಇತ್ತೆಂದು ಪುಣೆಯವರು ಇಂದಿಗೂ ಹೇಳುತ್ತಾರೆ. ಅಂಗಡಿಯವನು ಕೊಡುವ ವಾರಂಟಿ ಕಾರ್ಡು, ಕೆಟ್ಟರೆ ಏನು ಮಾಡುತ್ತೇನೆಂದು ಹೇಳುತ್ತದೆ. ಕೆಡದ ಹಾಗೆ ಏನು ಮಾಡಿದ್ದೇನೆಂದು ಹೇಳುವ ಕಾರ್ಡನ್ನು ಯಾರೂ ಅಚ್ಚು ಹಾಕಿಸಿಲ್ಲ. ಅದನ್ನು ಕಾಲುಗಳು, ಚಕ್ರಗಳು ಓದಿಕೊಳ್ಳುತ್ತವೆ.

*

ಮುಂದಿನ ಬಂಪರಿಗೆ ಉಕ್ಕಿನ ಗಾರ್ಡ್ ಹಾಕಿಸಿದರೆ ಗಾಡಿಗೆ ಗತ್ತು ಬರುತ್ತದೆ. ಡಿಕ್ಕಿಯಾದಾಗ ಮಾತ್ರ ಕುಗ್ಗಿ ಹೊಡೆತ ನುಂಗಬೇಕಾದ ಮುಂಭಾಗಕ್ಕೆ ಕುಗ್ಗಲು ಬಿಡುವುದಿಲ್ಲ. ಏರ್‌ಬ್ಯಾಗ್ ತೆರೆಯಬೇಕಾದ ಸೂಚನೆ ಏರುಪೇರಾಗುತ್ತದೆ, ಅಡ್ಡ ಬಂದ ಪಾದಚಾರಿಗೆ ಪೆಟ್ಟು ಹೆಚ್ಚು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಜರುಗಿಸಲು ರಾಜ್ಯಗಳಿಗೆ ಬರೆಯಿತು. ತಯಾರಿಕೆಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ನಡೆಯದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಮೊದಲು ಮುರಿದು ಒಳಗಿನವರನ್ನು ಉಳಿಸಲೆಂದೇ ಮಾಡಿದ ಭಾಗವನ್ನು ಮುರಿಯದಂತೆ ಬಿಗಿದರೆ, ಮುರಿಯುವ ಸರದಿ ಒಳಗಿನವರಿಗೆ ಬರುತ್ತದೆ.

*

ಶಿವಾಜಿನಗರದಲ್ಲೊಂದು ಸಿಮ್ಲಾ ಆಫೀಸ್ ಚೌಕವಿದೆ. ಹವಾಮಾನ ಇಲಾಖೆಯ ಕೇಂದ್ರ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಇಳಿಯಿತು. ಇಲಾಖೆ ಎಷ್ಟು ಮುಂಚೆ ಹೇಳಿದರೂ ವೈಪರ್ ಬ್ಲೇಡು ಮಾರಾಟವಾಗುವುದು ಮೊದಲ ಮಳೆ ಗಾಜಿಗೆ ಬಡಿದ ಮೇಲೆ. ಮುನ್ಸೂಚನೆಯ ಕೊರತೆ ನಮಗೆ ಎಂದೂ ಇರಲಿಲ್ಲ. ಬಿಸಿಲಿನಲ್ಲಿ ನಿಂತು ವೈಪರ್ ಕೊಳ್ಳುವ ಮನಸ್ಸಿನ ಕೊರತೆ.

*

ಕಾರಿಗೆ ಗ್ಯಾರೇಜಿನಲ್ಲಿ ಒಂದು ದಿನ ನಿಲ್ಲುವ ಭಾಗ್ಯವುಂಟು. ಊರಿಗೆ ಅದಿಲ್ಲ, ಓಡುತ್ತಲೇ ರಿಪೇರಿಯಾಗಬೇಕು. ಇಲ್ಲಿಂದ ಸ್ವಲ್ಪ ಮುಂದೆ, ವಿಶ್ವವಿದ್ಯಾಲಯದ ವೃತ್ತದ ಮೇಲ್ಸೇತುವೆ ಎರಡು ದಶಕವೂ ಬಾಳದೆ 2020ರಲ್ಲಿ ನೆಲಕ್ಕಿಳಿಯಿತು. ಆ ಜಾಗಕ್ಕೆ ಕಾರಿಗೊಂದು, ಮೆಟ್ರೊಗೊಂದು ಎಂದು ಎರಡಂತಸ್ತಿನ ಸೇತುವೆಯ ಯೋಜನೆ ಬಂತು. ನಿನ್ನೆಯ ಗಾಡಿಗಳನ್ನು ಎಣಿಸಿ ಕಟ್ಟಿದ ಸೇತುವೆಗೆ ನಾಳೆಯ ಗಾಡಿಗಳು ಕಾಯುವುದಿಲ್ಲ. ಎಣಿಸುವವನು ಕೊಳ್ಳುವವರ ಆಸೆಯನ್ನೂ ಎಣಿಸಬೇಕಿತ್ತು.

*

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲಿಗೆ ಮೊದಲು ಮದ್ರಾಸ್ ಹೆಲ್ತ್ ಹೋಮ್ ಎಂದು ಹೆಸರಿತ್ತು. ರೂಪಾಲಿ ಹೋಟೆಲಿಗೆ ಕೆಫೆ ಮದ್ರಾಸ್ ಎಂದು. ಎರಡನ್ನೂ ಬೆಳೆಸಿದವರು ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟಿ. 2023ರಲ್ಲಿ ತೀರಿಕೊಂಡಾಗ ಪುಣೆಯವರು ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ಮಾತಾಡಿದರು. ಶೆಟ್ಟರು ಬೋರ್ಡು ಬದಲಾಯಿಸಿದರು, ಸಾಂಬಾರನ್ನು ಬದಲಾಯಿಸಲಿಲ್ಲ. ಏನನ್ನು ಮುಟ್ಟಬಾರದೆಂದು ತಿಳಿದವನಿಗೆ ಮಾತ್ರ ಉಳಿದದ್ದನ್ನು ಬದಲಿಸುವ ಧೈರ್ಯ ಬರುತ್ತದೆ.

*

ರೋಣದಲ್ಲಿ ಹುಟ್ಟಿದ ಗಾಯಕ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ದಾರಿಯಲ್ಲಿ ಪುಣೆಯೂ ಬಂತು, ಗ್ವಾಲಿಯರ್ ಸಹ. ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರಲ್ಲಿ. ದೂರ ಹೋಗಿ ಬರದೆ ಹತ್ತಿರದ್ದು ಕಾಣಲಿಲ್ಲ. ಆ ಗುರುವಿನ ಸ್ಮಾರಕ ಇಂದು ಶಿವಾಜಿನಗರದಲ್ಲಿದೆ.

*

ಪುಣೆಯಲ್ಲಿ ನೆಲೆಸಿದ ಜೋಶಿಯವರಿಗೆ ಕಾರಿನ ಹುಚ್ಚು. ಎಂಜಿನ್ನಿನ ಒಳಮರ್ಮವೂ ತಿಳಿದಿತ್ತು, ದೂರದೂರಿನ ಕಛೇರಿಗಳಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಆಶ್ಚರ್ಯವೇನಿಲ್ಲ. ನಿನ್ನೆ ಸರಿಯಾಗಿದ್ದ ತಂಬೂರಿಯನ್ನು ಇಂದು ಮತ್ತೆ ಶ್ರುತಿ ಮಾಡುವುದು ಗಾಯಕನಿಗೆ ನಿತ್ಯದ ಕೆಲಸ. ಕಿವಿ ಇದ್ದವನಿಗೆ ಬಾನೆಟ್ಟಿನ ಕೆಳಗೂ ಅಪಸ್ವರ ಕೇಳಿಸುತ್ತದೆ.

*

ಸಂಜೆ ಗಾಡಿ ಕೈಗೆ ಬಂದಾಗ ಮೊದಲು ಮ್ಯೂಸಿಕ್ ಸಿಸ್ಟಮ್ ಹಾಕಿ ನೋಡುವವರಿದ್ದಾರೆ. ಅದನ್ನು ಆರಿಸಿ, ಗಾಜು ಇಳಿಸಿ, ಒಂದು ಸುತ್ತು ಓಡಿಸಿದವರಿಗೆ ಕೊಟ್ಟ ದುಡ್ಡಿನ ಬೆಲೆ ತಿಳಿಯುತ್ತದೆ.

*

ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕೆಂದು ತಿಳಿದ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಗ್ಯಾರೇಜಿನಲ್ಲಿ ಬಿಗಿಯಾಗಿದ್ದದ್ದು ಹೊರೆ, ಬಿಸಿ, ಗುಂಡಿಗಳನ್ನು ಕಂಡು ಸ್ವಲ್ಪ ಸಡಿಲಬಹುದು. ಪುಣೆಯಿಂದ ಮುಂಬೈ ಕಡೆ ಹೊರಟವರಿಗೆ ಆ ಲೆಕ್ಕ ಸರಿಯಾಗಿ ಲೋಣಾವಳದಲ್ಲಿ ಬೀಳುತ್ತದೆ, ಬೋರ್ ಘಾಟ್ ಇಳಿಯುವ ಮೊದಲು. ಚಿಕ್ಕಿ ಕೊಳ್ಳಲು ಎಲ್ಲರೂ ಹೇಗೂ ಅಲ್ಲಿ ನಿಲ್ಲಿಸುತ್ತಾರೆ. ಸ್ಪ್ಯಾನರನ್ನು ಸಾಮಾನಿನ ತಳಕ್ಕೆ ಹಾಕದೆ ಕೈಗೆ ಸಿಗುವಲ್ಲಿ ಇಟ್ಟುಕೊಂಡು ಹೊರಟರೆ, ಹಿಂದಿನ ದಿನದ ಕೆಲಸ ಅಲ್ಲಿ ಪೂರ್ತಿಯಾಗುತ್ತದೆ.